ಹಿಂದಿನ ಮಾಲೀಕ

ಹೋದ ನವೆಂಬರಿನ ಒಂದು ಸಂಜೆ ನನ್ನ ಕಾರಿನ, ಅಂದರೆ ಎಂಜಿಬಿ ಎಂಬ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ, ಬಲಗಡೆಯ ಹಿಂದಿನ ದೀಪ ಆರಿಹೋಯಿತು. ಇಂಗ್ಲೆಂಡಿನಲ್ಲಿ ಆ ತಿಂಗಳು ನಾಲ್ಕೂವರೆಗೆಲ್ಲ ಕತ್ತಲೆ, ಹಿಂದಿನ ದೀಪವಿಲ್ಲದೆ ರಸ್ತೆಗಿಳಿಯುವ ಹಾಗಿಲ್ಲ. ಬಲ್ಬ್ ಬದಲಾಯಿಸಿದೆ, ಹತ್ತಲಿಲ್ಲ. ಹೋಲ್ಡರಿನ ತುಕ್ಕು ಉಜ್ಜಿದೆ, ಆಗಲೂ ಹತ್ತಲಿಲ್ಲ. ಕೊನೆಗೆ ಡಿಕ್ಕಿಯೊಳಗೆ ಅರ್ಧ ಮೈ ತೂರಿಸಿ, ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಮೂಲೆಯ ಕಾರ್ಪೆಟ್ ಎತ್ತಿ ನೋಡಿದರೆ, ಕಾರ್ಖಾನೆಯ ಕೆಂಪು ವೈರನ್ನು ಯಾರೋ ಕತ್ತರಿಸಿ ನಡುವೆ ಒಂದು ಗೇಣು ಹಳದಿ ವೈರ್ ಸೇರಿಸಿದ್ದರು. ಬೆಸುಗೆಯೂ ಇಲ್ಲ, ಕನೆಕ್ಟರೂ ಇಲ್ಲ. ತುದಿಗಳನ್ನು ಹಲ್ಲಿನಿಂದ ಸುಲಿದು, ದೀಪಕ್ಕೆ ಬತ್ತಿ ಹೊಸೆಯುವ ಹಾಗೆ ಹೊಸೆದು, ಮೇಲೆ ಎಂಥದೋ ಬಿಳಿ ಪಟ್ಟಿ ಸುತ್ತಿದ್ದರು. ಒಳಗಿನ ತಾಮ್ರ ಕಿಲುಬು ಹಿಡಿದು, ಮುಟ್ಟಿದರೆ ಪುಡಿ ಉದುರುತ್ತಿತ್ತು.

ನನ್ನ ಕಾರಿನ ಕಾಲದ ಬ್ರಿಟಿಷ್ ಕಾರುಗಳಲ್ಲಿ ವೈರಿನ ಬಣ್ಣಕ್ಕೆ ಒಂದು ವ್ಯಾಕರಣವಿದೆ. ಕಂದು ಬಣ್ಣದ್ದು ಸದಾ ಜೀವಂತ. ಬಿಳಿಯದು ಕೀಲಿ ತಿರುಗಿಸಿದ ಮೇಲೆ ಎಚ್ಚರವಾಗುತ್ತದೆ. ಹಸಿರು ಫ್ಯೂಸ್ ದಾಟಿ ಬಂದದ್ದು, ನೀಲಿ ಹೆಡ್‌ಲೈಟಿಗೆ, ಕೆಂಪು ಪಕ್ಕದ ಮತ್ತು ಹಿಂದಿನ ದೀಪಗಳಿಗೆ, ಕಪ್ಪು ಅರ್ಥಿಂಗ್‌ಗೆ. ಒಮ್ಮೆ ಇದು ತಲೆಗೆ ಹತ್ತಿತೆಂದರೆ ಯಾವ ಮೂಲೆಯಲ್ಲಿ ಯಾವ ವೈರ್ ಕಂಡರೂ ಅದರ ಕುಲಗೋತ್ರ ಹೇಳಿಬಿಡಬಹುದು. ಅಂಥ ಕಡೆ ಹಳದಿ! ನನ್ನ ಕಾರಿನಲ್ಲಿ ಹಳದಿ ಇರುವುದು ಗೇರ್‌ಬಾಕ್ಸಿನ ಓವರ್‌ಡ್ರೈವ್‌ಗೆ. ಈ ವೈರಿಂಗ್ ಮಾಡಿದ ಲ್ಯೂಕಸ್ ಕಂಪನಿಯನ್ನು 'ಕತ್ತಲೆಯ ರಾಜಕುಮಾರ' ಎಂದು ಆಡಿಕೊಳ್ಳುವುದು ಹಳೆ ಕಾರಿನವರ ಹಳೆಯ ಚಟ. ನನಗೆ ಆ ತಮಾಷೆ ಎಂದೂ ಹಿಡಿಸಿಲ್ಲ. ನನ್ನ ಕಾರಿನಲ್ಲಿ ಕೈಕೊಟ್ಟ ವೈರುಗಳೆಲ್ಲ ಕಾರು ಕಾರ್ಖಾನೆ ಬಿಟ್ಟು ಎಷ್ಟೋ ವರ್ಷವಾದ ಮೇಲೆ ಯಾರೋ ಪುಣ್ಯಾತ್ಮರು ಸೇರಿಸಿದವು.

ಬೈದೆ. ಡಿಕ್ಕಿಯೊಳಗೆ ದನಿ ಗುಂಯ್‌ಗುಡುವಷ್ಟು ಜೋರಾಗಿ, ಕನ್ನಡದಲ್ಲಿ. "ಯಾವನಯ್ಯಾ ಇವನು, ತಲೇಲಿ ಮೆದುಳಿತ್ತೋ ಲದ್ದಿ ಇತ್ತೋ" ಎನ್ನುತ್ತ ಆ ಬಿಳಿ ಪಟ್ಟಿ ಬಿಚ್ಚತೊಡಗಿದೆ. ಅಂಟು ಕರಗಿ ಜೇನಿನ ಹಾಗೆ ಎಳೆ ಎಳೆ ಬರುತ್ತಿತ್ತು. ಎರಡು ಸುತ್ತು ಬಿಚ್ಚಿದಾಗ ಪಟ್ಟಿಯ ಮೇಲೆ ಅಕ್ಷರಗಳು ಕಂಡವು. ಇನ್ನೊಂದು ಸುತ್ತು ಬಿಚ್ಚಿದಾಗ ಅದು ನನ್ನ ಮಗಳ ಹೆಸರು.

ಇಲ್ಲಿನ ಶಾಲೆಗಳಲ್ಲಿ ಚಿಕ್ಕ ಮಕ್ಕಳ ಸ್ವೆಟರು, ಊಟದ ಡಬ್ಬಿ, ನೀರಿನ ಬಾಟಲಿ ಎಲ್ಲಕ್ಕೂ ಹೆಸರು ಅಂಟಿಸಿ ಕಳಿಸಬೇಕು. ಅದಕ್ಕೆಂದೇ ಹೆಸರು ಅಚ್ಚು ಹಾಕಿಸಿದ ಪಟ್ಟಿಯ ಸುರುಳಿ ತರಿಸಿಟ್ಟಿದ್ದೆವು. ಹಳದಿ ವೈರೂ ಅವಳದೇ, ಬ್ಯಾಟರಿಗೆ ಬಲ್ಬ್ ಜೋಡಿಸುವ ಶಾಲೆಯ ಪ್ರಾಜೆಕ್ಟಿನದು. ಆಗ ನೆನಪಾಯಿತು. 2014ರ ಬೇಸಿಗೆ, ಮಾರನೆಯ ಬೆಳಿಗ್ಗೆ ಆರಕ್ಕೆ ವೇಲ್ಸ್ ಕಡೆ ಹೊರಡಬೇಕಿತ್ತು. ರಾತ್ರಿ ಹನ್ನೊಂದಕ್ಕೆ ಈ ದೀಪ ಕೈಕೊಟ್ಟಿತು, ಮನೆಯಲ್ಲಿ ಇನ್ಸುಲೇಷನ್ ಟೇಪ್ ಇರಲಿಲ್ಲ. 'ಬಂದ ಮೇಲೆ ಸರಿಯಾಗಿ ಮಾಡೋಣ' ಎಂದುಕೊಂಡಿದ್ದೆ. ಹತ್ತು ವರ್ಷ ಆ ದೀಪ ತಕರಾರಿಲ್ಲದೆ ಉರಿಯಿತು. ಶಾಲೆಗೆ ಬಲ್ಬ್ ಜೋಡಿಸಿ ಒಯ್ದಿದ್ದ ಹುಡುಗಿ ಈಗ ಕಾರು ಓಡಿಸಲು ಕಲಿಯುತ್ತಿದ್ದಾಳೆ.

ಡಿಕ್ಕಿಯಿಂದ ತಲೆ ಹೊರಗೆ ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು.

ಹೊಸ್ತಿಲೊಳಗಿನ ಪತ್ರಿಕೆ

ಎಂಜಿಬಿ ಇಟ್ಟುಕೊಂಡವರು ಇಬ್ಬರು ಸೇರಿದರೆ ಮಾತು ಐದು ನಿಮಿಷ ಸಾಗುವಷ್ಟರಲ್ಲಿ 'ಹಿಂದಿನ ಮಾಲೀಕ' ಬಂದೇ ಬರುತ್ತಾನೆ. ಅವನಿಗೆ ಹೆಸರಿಲ್ಲ, ಮುಖವಿಲ್ಲ. ಕಾರಿನಲ್ಲಿ ಕಂಡುಬರುವ ಎಲ್ಲ ಅಡ್ಡಕಸುಬಿಗೂ ಅವನೇ ಹೊಣೆ. ಇಂಚಿನ ಬೋಲ್ಟ್ ಇರಬೇಕಾದ ಕಡೆ ಮಿಲಿಮೀಟರ್ ಬೋಲ್ಟನ್ನು ಬಡಿದು ಕೂರಿಸಿದವನು, ಗ್ಯಾಸ್ಕೆಟ್ ಬದಲು ಅರ್ಧ ಟ್ಯೂಬ್ ಸೀಲೆಂಟ್ ಮೆತ್ತಿದವನು, ತುಕ್ಕಿಗೆ ಬಣ್ಣ ಬಳಿದವನು. ನಮ್ಮ ಮನೆಗಳಲ್ಲಿ ಏನೇ ಕೆಟ್ಟರೂ ಊರಲ್ಲಿಲ್ಲದ ಭಾವನ ತಲೆಗೆ ಕಟ್ಟುತ್ತೇವಲ್ಲ, ಹಾಗೆ. ನನ್ನ 1970ರ ರೋಡ್‌ಸ್ಟರಿನ, ಅಂದರೆ ಛಾವಣಿ ತೆರೆದ ಎಂಜಿಬಿಯ, ನೋಂದಣಿ ಪತ್ರದ ಪ್ರಕಾರ ನನಗಿಂತ ಮೊದಲು ಇಂಥವರು ಏಳು ಜನ. ಆ ಪತ್ರದಲ್ಲಿ ಇನ್ನೊಂದು ಮಾತಿದೆ. ವಿ5ಸಿ ಎಂದು ಕರೆಯುವ ಅದು ಯಾರನ್ನೂ ಮಾಲೀಕ ಎನ್ನುವುದಿಲ್ಲ, ಇದು ಮಾಲೀಕತ್ವಕ್ಕೆ ಪುರಾವೆಯಲ್ಲ ಎಂದು ಅಚ್ಚು ಹಾಕಿಯೇ ಕೊಡುತ್ತದೆ. ಅದರಲ್ಲಿ ಬರೆದಿರುವುದು 'ಕೀಪರ್', ಅಂದರೆ ನೋಡಿಕೊಳ್ಳುವವನು. ಕೊಂಡಾಗ ನನಗೆ ಇದು ಸರ್ಕಾರಿ ಭಾಷೆಯ ಕಿರಿಕಿರಿ ಅನ್ನಿಸಿತ್ತು.

ಕೊಂಡದ್ದು 2012ರಲ್ಲಿ. ಬಣ್ಣ ಹೊಳೆಯುತ್ತಿತ್ತು, ಕ್ರೋಮ್ ಬಂಪರಿನಲ್ಲಿ ಮುಖ ಕಾಣುತ್ತಿತ್ತು. ಮಳೆಗಾಲದ ಕೊಡೆ ಕೊಳ್ಳುವಷ್ಟು ಎಚ್ಚರವನ್ನೂ ವಹಿಸದೆ ದುಡ್ಡು ಕೊಟ್ಟುಬಂದೆ. ಮೊದಲ ಬೇಸಿಗೆಯಲ್ಲೇ ಎಡಗಡೆ ಬಾಗಿಲ ಕೆಳಗಿನ ಹೊಸ್ತಿಲಿನಲ್ಲಿ, ಅಂದರೆ ಸಿಲ್‌ನಲ್ಲಿ, ಬಣ್ಣ ಕಡಲೆಕಾಳಿನಷ್ಟು ಉಬ್ಬಿದ್ದು ಕಂಡಿತು. ಸ್ಕ್ರೂಡ್ರೈವರಿನ ತುದಿಯಿಂದ ಮೆಲ್ಲಗೆ ಒತ್ತಿದೆ. ಅದು ಹಿಡಿಯವರೆಗೂ ಒಳಗೆ ಹೋಯಿತು.

ಎಂಜಿಬಿಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಚಾಸಿಸ್. ಮೇಲೆ ಛಾವಣಿ ಬೇರೆ ಇಲ್ಲವಾದ್ದರಿಂದ ಮುಂಭಾಗವನ್ನೂ ಹಿಂಭಾಗವನ್ನೂ ಹಿಡಿದು ನಿಲ್ಲಿಸುವ ಕೆಲಸದಲ್ಲಿ ದೊಡ್ಡ ಪಾಲು ಆ ಎರಡು ಹೊಸ್ತಿಲುಗಳದು. ಹೊರಗಿನಿಂದ ಒಂದು ತಗಡಿನ ಪಟ್ಟಿಯಂತೆ ಕಾಣುವ ಸಿಲ್ ನಿಜವಾಗಿ ಹಲವು ತಗಡುಗಳನ್ನು ಬೆಸೆದ ಉದ್ದನೆಯ ಪೆಟ್ಟಿಗೆ. ಹೊರಗೊಂದು ಹೊದಿಕೆ, ನಡುವೆ ನೆಟ್ಟಗೆ ನಿಂತ ತಗಡು, ಒಳಗೆ ಇನ್ನೊಂದು, ಅಡಿಯಲ್ಲಿ ಕೋಟೆತೆನೆಯ ಹಾಗೆ ಮಡಚಿದ ಕ್ಯಾಸಲ್ ರೈಲ್. ಚಳಿಗಾಲದಲ್ಲಿ ಹಿಮ ಕರಗಿಸಲೆಂದು ರಸ್ತೆಗೆ ಚೆಲ್ಲುವ ಉಪ್ಪು ಕೆಸರಿನ ಜೊತೆ ಈ ಪೆಟ್ಟಿಗೆಯ ಸಂದಿಗಳಲ್ಲಿ ಸೇರಿಕೊಳ್ಳುತ್ತದೆ. ತುಕ್ಕು ಒಳಗಿನಿಂದಲೇ ಶುರುವಾಗುವುದರಿಂದ ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಏನೂ ಉಳಿದಿರುವುದಿಲ್ಲ.

ನನ್ನ ಕಾರಿನಲ್ಲಿ ಏನೂ ಉಳಿದಿರಲಿಲ್ಲ ಎಂದರೆ ತಪ್ಪಾದೀತು. ಕೆರೆದ ಹಾಗೆ ಮೊದಲು ಬೆರಳುದ್ದ ದಪ್ಪದ ಪುಟ್ಟಿ ಬಂತು. ಪುಟ್ಟಿ ನಿಲ್ಲಲೆಂದು ಹಿಂದೆ ಕೋಳಿಗೂಡಿಗೆ ಹಾಕುವ ಬಲೆ. ಬಲೆ ನಿಲ್ಲಲೆಂದು ಅದರ ಹಿಂದೆ ಉಂಡೆ ಮಾಡಿ ತುರುಕಿದ ಪತ್ರಿಕೆ. ಅದನ್ನು ಗ್ಯಾರೇಜಿನ ನೆಲದ ಮೇಲೆ ಬಿಡಿಸಿ, ಸುಕ್ಕು ತೀಡಿ ಓದಿದೆ. ಒಂದು ಶನಿವಾರದ ಟಿವಿ ಕಾರ್ಯಕ್ರಮಗಳ ಪಟ್ಟಿ, ಅಡುಗೆಮನೆಯ ಕಪಾಟುಗಳ ರಿಯಾಯಿತಿ ಮಾರಾಟದ ಅರ್ಧ ಜಾಹೀರಾತು, ಮೇಲಂಚಿನಲ್ಲಿ ತುಕ್ಕಿನ ಕಲೆಯ ನಡುವೆ 1984. ಅಂದರೆ ಇಪ್ಪತ್ತೆಂಟು ವರ್ಷ ಆ ಹೊಸ್ತಿಲಿನ ಹೊರಮೈಗೆ ಆಕಾರ ಕೊಟ್ಟಿದ್ದು ಪುಟ್ಟಿ, ಬಲೆ ಮತ್ತು ಸಂಜೆಯ ಟಿವಿ ಕಾರ್ಯಕ್ರಮಗಳು. ಅಂದಿನ ನನ್ನ ಸಿಟ್ಟಿಗೆ ಪಾರವಿರಲಿಲ್ಲ. ಅವನಿಗೆ ಗಂಟಲು ಕಟ್ಟಲಿ, ಕೈಗೆ ಲಕ್ವ ಹೊಡೆಯಲಿ ಎಂದೆಲ್ಲ ಶಪಿಸಿದ್ದು ನೆನಪಿದೆ.

ಪಕ್ಕದ ಮನೆಯಲ್ಲಿ ಆಗ ಒಬ್ಬ ಹಿರಿಯರಿದ್ದರು. ಆಕ್ಸ್‌ಫರ್ಡಿನ ಕೌಲಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬಾಡಿ ಜೋಡಿಸುವ ಕೆಲಸ ಮಾಡಿ ನಿವೃತ್ತರಾದವರು. "ನನ್ನನ್ನು ನೋಡಬೇಡ, ನಾನು ಬೇರೆ ಕಾರಿನ ಲೈನಿನಲ್ಲಿದ್ದೆ" ಎನ್ನುವುದು ಅವರ ಖಾಯಂ ಮಾತು. ಒಂದು ಶನಿವಾರ ನಾನು ಗ್ರೈಂಡರ್ ಹಿಡಿದು ಇನ್ನೇನು ಸಿಲ್ ಕತ್ತರಿಸಬೇಕು, ಬೇಲಿಯಾಚೆಯಿಂದ ಕೂಗಿದರು.

"ಬಾಗಿಲು ಮುಚ್ಚಿ ನೋಡಿದೆಯಾ?"

ಮುಚ್ಚಿದೆ.

"ಹಿಂದಿನ ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಸಮ ಇದೆಯಾ?"

ಮೇಲೆ ಕಿರಿದು, ಕೆಳಗೆ ಅಗಲ. ಅವರು ಬೇಲಿ ಸುತ್ತಿಕೊಂಡು ಬಂದು, ಮಂಡಿಯೂರಿ, ಕಿವಿಯ ಹಿಂದಿನ ಪೆನ್ಸಿಲನ್ನು ಸಂದಿಗೆ ಮೇಲಿನಿಂದ ಕೆಳಕ್ಕೆ ಎಳೆದರು. ಮೇಲ್ಗಡೆ ಪೆನ್ಸಿಲ್ ತೂರಲಿಲ್ಲ, ಕೆಳಗೆ ಸಡಿಲವಾಗಿ ಆಡಿತು. "ಕಾರು ಆಗಲೇ ನಡು ಬಗ್ಗಿಸಿದೆ. ಈಗ ಕತ್ತರಿಸಿದರೆ ಉಳಿದದ್ದು ಒದ್ದೆ ರಟ್ಟು. ಆಮೇಲೆ ಹೊಸ ಸಿಲ್ ಬೆಸೆದರೆ ಈ ಗೂನನ್ನೇ ಶಾಶ್ವತ ಮಾಡಿದ ಹಾಗೆ." ಅವತ್ತು ಏನನ್ನೂ ಕತ್ತರಿಸಲಿಲ್ಲ. ಕಾರನ್ನು ಸಮತಟ್ಟಾಗಿ ಎತ್ತಿ, ಭಾರ ಎಲ್ಲೆಲ್ಲಿ ಕೂರಬೇಕೋ ಅಲ್ಲಲ್ಲಿ ಕೂರಿಸಿ, ನಡುವಿನ ಜ್ಯಾಕನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಏರಿಸುತ್ತ ಆ ಪೆನ್ಸಿಲ್ ಮೇಲಿನಿಂದ ಕೆಳಗಿನವರೆಗೆ ಒಂದೇ ಬಿಗಿಯಲ್ಲಿ ಇಳಿಯುವ ತನಕ ಹೊಂದಿಸಿದೆವು. ಆಮೇಲೆ ಬಾಗಿಲು ಬಿಚ್ಚಿ, ಅದರ ಬಾಯಿಗೆ ಅಡ್ಡಲಾಗಿ ಕಬ್ಬಿಣದ ಚೌಕ ಪೈಪು ಬೆಸೆದು ಬಿಗಿದೆವು. ಕತ್ತರಿಸಿದ್ದು ಮರುವಾರ.

ಕತ್ತರಿಸಿ ತೆಗೆದ ತುಂಡನ್ನು ಅವರು ಕೈಯಲ್ಲಿ ಹಿಡಿದು, ಅಂಚನ್ನು ನನ್ನ ಕಡೆ ತಿರುಗಿಸಿದರು. ಹಳೆಯ ಗೋಡೆಯ ಸುಣ್ಣದ ಪದರಗಳ ಹಾಗೆ ತಗಡಿನ ಮೇಲೆ ತಗಡು, ಅದರ ಮೇಲೆ ಇನ್ನೊಂದು. "ಇದೊಂದು ಎಂಒಟಿ, ಇದು ಇನ್ನೊಂದು ಎಂಒಟಿ, ಇದರಲ್ಲಿ ಪಾಪ, ದುಡ್ಡಿರಲಿಲ್ಲ ಅಂತ ಕಾಣುತ್ತೆ" ಎಂದರು. ಕಾರು ರಸ್ತೆಗೆ ಯೋಗ್ಯವೇ ಎಂದು ವರ್ಷಕ್ಕೊಮ್ಮೆ ನೋಡುವ ಆ ಎಂಒಟಿ ಪರೀಕ್ಷೆಯ ದಿನ ಹತ್ತಿರ ಬಂದಾಗಲೆಲ್ಲ ಯಾರೋ ಒಬ್ಬರು, ಇನ್ನೊಂದು ವರ್ಷ ರಸ್ತೆಯಲ್ಲಿ ಇರಲಿ ಎಂದು ಅಷ್ಟಕ್ಕೆ ತೇಪೆ ಹಾಕಿದ್ದರು. ಎಂಬತ್ತರ ದಶಕದಲ್ಲಿ ಇದು ಅಪರೂಪದ ಹಳೆಯ ಕಾರಾಗಿರಲಿಲ್ಲ. ಕಡಿಮೆ ಬೆಲೆಗೆ ಸಿಗುತ್ತಿದ್ದ, ಯಾರಾದರೂ ಕೆಲಸಕ್ಕೆ ಹೋಗಿ ಬರಲು ಇಟ್ಟುಕೊಳ್ಳುತ್ತಿದ್ದ ಹಳೆ ಗಾಡಿ. ಪತ್ರಿಕೆ ತುರುಕಿದವನಿಗೂ ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಿತ್ತೋ ಏನೋ. ಹಿರಿಯರು ಹೀಗೆ ಹೇಳಲಿಲ್ಲ, ಇದೀಗ ಆ ಹೆಸರಿನ ಪಟ್ಟಿ ಬಿಚ್ಚಿದ ಮೇಲೆ ನನಗೆ ಹೊಳೆಯುತ್ತಿರುವುದು. ಅವತ್ತು ನಾನು ಪತ್ರಿಕೆಯನ್ನು ಮುದುಡಿ ಕಸದ ಬುಟ್ಟಿಗೆ ಎಸೆದೆ. ಇಟ್ಟುಕೊಳ್ಳಬೇಕಿತ್ತು.

ಎರಡೂ ಬದಿ ಮುಗಿಯಲು ಒಂಬತ್ತು ತಿಂಗಳಾಯಿತು. ವೆಲ್ಡಿಂಗ್ ಕಲಿತದ್ದು ಆ ಕಾರಿನ ಮೇಲೆಯೇ. ಕಲಿತದ್ದರ ಮೊದಲ ಗುರುತು ಎಡ ಸೀಟಿನ ಹಿಂದೆ, ಒಳಗಿನ ಸಿಲ್ ನೆಲದ ತಗಡಿಗೆ ಕೂಡುವಲ್ಲಿದೆ. ಕಾಗೆ ಹಿಕ್ಕೆಯಂಥ ಮೂರಿಂಚು ಬೆಸುಗೆ. ಅದು ಹಿಡಿದಿದೆ, ಬಿಡುವುದಿಲ್ಲ ಎಂದು ಹಿರಿಯರೇ ಸುತ್ತಿಗೆಯಲ್ಲಿ ಬಡಿದು ನೋಡಿ ಹೇಳಿದರು. ನೋಡಲು ಮಾತ್ರ ಅಸಹ್ಯ. ಅದರ ಮೇಲೆ ಸೀಲರ್ ಮೆತ್ತಿ, ಬಣ್ಣ ಬಳಿದು, ಕಾರ್ಪೆಟ್ ಹಾಸಿದ್ದೇನೆ.

ಗುರುತು ಬಿಡದವರು

ಡಿಕ್ಕಿಯ ಆ ಸಂಜೆಯಿಂದ ತಲೆಯಲ್ಲಿ ಕೊರೆಯುತ್ತಿರುವುದು ಇನ್ನೊಂದು ವಿಷಯ. ಹಳದಿ ವೈರ್ ಹಾಕಿದವನು ನಾನೇ ಎನ್ನುವುದು ಒಂದು ದಿನದ ನಗೆಪಾಟಲು, ಹೆಂಡತಿ ವಾರಗಟ್ಟಲೆ ಆಡಿಕೊಂಡು ನಕ್ಕಳು, ಮುಗಿಯಿತು. ಆದರೆ ಏಳು ಜನರಲ್ಲಿ ನನಗೆ ಗೊತ್ತಿರುವುದು ಕೆಲಸ ಕೆಡಿಸಿದವರು ಮಾತ್ರ. ಉಳಿದವರು ಏನು ಮಾಡಿದರು?

ಎಂಜಿಬಿಯ ಮುಂದಿನ ಚಕ್ರಗಳು ಎಡಕ್ಕೆ ಬಲಕ್ಕೆ ತಿರುಗುವುದು ಕಿಂಗ್‌ಪಿನ್ ಎಂಬ ನೆಟ್ಟನೆಯ ಗೂಟದ ಮೇಲೆ. ಈಗಿನ ಕಾರುಗಳ ಹಾಗೆ ಜೀವಮಾನಕ್ಕೆಂದು ಮುಚ್ಚಿಟ್ಟ ಬಾಲ್ ಜಾಯಿಂಟ್ ಅಲ್ಲ. ಒಂದೊಂದು ಬದಿಗೆ ಮೂರು ಮೂರು ಗ್ರೀಸ್ ನಿಪ್ಪಲ್. ಮೂರು ಸಾವಿರ ಮೈಲಿಗೊಮ್ಮೆ ಗ್ರೀಸ್ ಗನ್ ಹಿಡಿದು, ಹಳೆಯ ಕಪ್ಪು ಗ್ರೀಸ್ ಹೊರಬಂದು ಹೊಸದರ ಬಣ್ಣ ಕಾಣುವವರೆಗೆ ಒತ್ತಬೇಕು ಎನ್ನುತ್ತದೆ ಕಾರಿನ ಕೈಪಿಡಿ. ಮಾಡದಿದ್ದರೆ ತಕ್ಷಣ ಏನೂ ಆಗುವುದಿಲ್ಲ, ಅದೇ ತೊಂದರೆ. ಐದಾರು ವರ್ಷದಲ್ಲಿ ಪಿನ್ ಸವೆದು ಚಕ್ರ ತಲೆಯಾಡಿಸತೊಡಗುತ್ತದೆ. ನನ್ನ ಕಾರಿನ ಮುಂಭಾಗವನ್ನು ಹಿರಿಯರು ಮೊದಲ ಸಲ ಜ್ಯಾಕ್ ಮೇಲೆತ್ತಿ, ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದಾಗ ಅದು ಮಿಸುಕಲಿಲ್ಲ. ಇನ್ನೊಂದೂ ಅಷ್ಟೆ. ಮೈಲಿಮೀಟರಿನಲ್ಲಿ ಐದೇ ಅಂಕಿ ಇರುವುದರಿಂದ ಅದು ಲಕ್ಷ ದಾಟಿ ಸೊನ್ನೆಗೆ ಮರಳಿತ್ತು, ಹಳೆಯ ರಸೀದಿಗಳು ಆ ಸುದ್ದಿ ಹೇಳುತ್ತಿದ್ದವು. ಅಷ್ಟು ಓಡಿದ ಕಾರಿನಲ್ಲಿ ಕಿಂಗ್‌ಪಿನ್ ಬಿಗಿಯಾಗಿತ್ತು ಎಂದರೆ, ಯಾರೋ ಒಬ್ಬರು, ಬಹುಶಃ ಒಬ್ಬರಿಗಿಂತ ಹೆಚ್ಚು ಜನ, ತಣ್ಣನೆಯ ನೆಲದ ಮೇಲೆ ಅಂಗಾತ ಮಲಗಿ ಆರು ನಿಪ್ಪಲುಗಳಿಗೂ ವರ್ಷಗಟ್ಟಲೆ ಗ್ರೀಸ್ ಒತ್ತಿದ್ದಾರೆ. ಗ್ರೀಸಿಗೆ ರಸೀದಿ ಇರುವುದಿಲ್ಲ. ಆ ಮನುಷ್ಯ ಇದ್ದ ಎನ್ನುವುದಕ್ಕೆ ಇರುವ ಏಕೈಕ ಸಾಕ್ಷಿ ಚಕ್ರ ಅಲ್ಲಾಡದೇ ಇದ್ದದ್ದು.

ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರಿನ ಕಥೆಯಲ್ಲಿ ನಾನು ಇನ್ನೂ ಕೆಟ್ಟವನು. ಕೊಂಡಾಗ ಎಂಜಿನ್ ಚೆನ್ನಾಗಿಯೇ ಓಡುತ್ತಿತ್ತು. 1798 ಸಿಸಿ, ನಾಲ್ಕು ಸಿಲಿಂಡರ್, ಪಕ್ಕದಲ್ಲಿ ಅವಳಿ ಎಸ್‌ಯು ಕಾರ್ಬ್ಯುರೇಟರುಗಳು. ಈ ಎಸ್‌ಯು ಒಂದು ಸರಳ, ಸುಂದರ ಯಂತ್ರ. ಎಂಜಿನ್ ಗಾಳಿ ಎಳೆದಷ್ಟೂ ಒಳಗಿನ ಪಿಸ್ಟನ್ ಮೇಲೇಳುತ್ತದೆ. ಅದರ ಬುಡದಲ್ಲಿ ನೇತಾಡುವ ಮೊನಚು ಸೂಜಿ ಜೆಟ್ ಎಂಬ ಪುಟ್ಟ ಕೊಳವೆಯೊಳಗಿಂದ ಅಷ್ಟಷ್ಟೇ ಮೇಲೆ ಬಂದು ಅಷ್ಟಷ್ಟೇ ಪೆಟ್ರೋಲ್ ಬಿಡುತ್ತದೆ. ಪುಸ್ತಕ ಓದಿ ಉತ್ಸಾಹ ಏರಿ, ಒಂದು ಭಾನುವಾರ ಇವುಗಳನ್ನು 'ಸರಿ' ಮಾಡಲು ಕೂತೆ. ಯಾವುದೂ ಕೆಟ್ಟಿರಲಿಲ್ಲ. ಜೆಟ್ಟಿನ ನಟ್ಟನ್ನು ಒಂದಷ್ಟು ತಿರುಗಿಸಿದೆ, ಎಲ್ಲಿತ್ತು ಎಂದು ಗುರುತು ಹಾಕಿಕೊಳ್ಳಲಿಲ್ಲ. ಮುಂದಿನ ಎರಡು ತಿಂಗಳು ಕಾರು ಸಿಗ್ನಲ್ಲಿನಲ್ಲಿ ನಿಂತಲ್ಲೇ ಆಫ್ ಆಗುತ್ತಿತ್ತು. ಸೈಲೆನ್ಸರಿನಿಂದ ಪಟಾಕಿ. ಪ್ಲಗ್ ಬಿಚ್ಚಿದರೆ ಒಂದು ಜೋಡಿ ಕಾಡಿಗೆ ಕಪ್ಪು, ಇನ್ನೊಂದು ಜೋಡಿ ಸುಣ್ಣದ ಬಿಳುಪು.

ಕೊನೆಗೆ ಅದೂ ಹಿರಿಯರ ಬಳಿಗೇ ಹೋಯಿತು. ಅವರು ಒಂದು ಮೊಳ ರಬ್ಬರ್ ಟ್ಯೂಬ್ ತಂದರು, ಅಷ್ಟೇ ಉಪಕರಣ. ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬ್ಯುರೇಟರಿನ ಬಾಯಿಗೆ. ಎಂಜಿನ್ ಬಿಸಿಯಾಗಿ ಮೆಲ್ಲಗೆ ಓಡುತ್ತಿರುವಾಗ ಗಾಳಿ 'ಸ್ಸ್' ಎಂದು ಒಳಹೋಗುವ ಸದ್ದು ಕೇಳಿಸುತ್ತದೆ. ಮುಂದಿನದನ್ನು ಕೇಳು, ಹಿಂದಿನದನ್ನು ಕೇಳು, ಮತ್ತೆ ಮುಂದಿನದು. ಎರಡರ ಸದ್ದೂ ಒಂದೇ ಆಗುವವರೆಗೆ ತಂಬೂರಿಯ ತಂತಿ ಹೊಂದಿಸಿದ ಹಾಗೆ ಸ್ಕ್ರೂವನ್ನು ಕಾಲು ಸುತ್ತು, ಅರೆಕಾಲು ಸುತ್ತು ತಿರುಗಿಸಬೇಕು. ಆಮೇಲೆ ಕೆಳಗಿನ ಪುಟ್ಟ ಪಿನ್ ಒತ್ತಿ ಪಿಸ್ಟನ್ನನ್ನು ನವಿರಾಗಿ, ಒಂದು ಮಿಲಿಮೀಟರಿಗೂ ಕಡಿಮೆ ಎತ್ತಬೇಕು. ಎಂಜಿನ್ ಓಟ ಏರಿ ಹಾಗೇ ಏರಿಯೇ ಉಳಿದರೆ ಪೆಟ್ರೋಲ್ ಜಾಸ್ತಿ. ತಡವರಿಸಿ ಕುಸಿದರೆ ಕಡಿಮೆ. ಒಂದು ಕ್ಷಣ ಏರಿ, ನಿಟ್ಟುಸಿರು ಬಿಟ್ಟ ಹಾಗೆ ಮತ್ತೆ ತನ್ನ ಜಾಗಕ್ಕೆ ಇಳಿದರೆ ಸರಿ. ಮುಸ್ಸಂಜೆಯವರೆಗೆ ಕೂತು ಹೊಂದಿಸಿ, ಟ್ಯೂಬ್ ಸುತ್ತಿಡುತ್ತ ಅವರು ಕೇಳಿದರು, "ನೀನು ಕೊಂಡಾಗ ಹೇಗಿತ್ತು?" ಹೀಗೇ ಇತ್ತು ಎಂದೆ. "ಹಾಗಾದರೆ ಹಿಂದಿನವನಿಗೆ ಒಳ್ಳೆಯ ಕಿವಿ ಇತ್ತು" ಎಂದು ಮನೆಗೆ ಹೋದರು.

ಹಳೆಯ ರಸೀದಿಗಳ ಕಟ್ಟಿನಲ್ಲಿ ಇನ್ನೊಬ್ಬರ ಸುಳಿವಿದೆ. 1999ರಲ್ಲಿ ಯಾರೋ ಸಿಲಿಂಡರ್ ಹೆಡ್ ಬಿಚ್ಚಿಸಿ, ಎಕ್ಸಾಸ್ಟ್ ವಾಲ್ವ್ ಕೂರುವ ಜಾಗಕ್ಕೆ ಗಟ್ಟಿ ಲೋಹದ ಬಳೆ ಕೂರಿಸಿದ್ದಾರೆ. ಅದು ಸೀಸದ ಪೆಟ್ರೋಲಿನ ಕೊನೆಯ ವರ್ಷ. 2000ದ ಜನವರಿಯಿಂದ ಬ್ರಿಟನ್ನಿನ ಬಂಕುಗಳಲ್ಲಿ ಅದರ ಸಾಮಾನ್ಯ ಮಾರಾಟ ನಿಂತಿತು. ಸೀಸವಿಲ್ಲದಿದ್ದರೆ ಹಳೆಯ ಎಂಜಿನ್ನುಗಳ ವಾಲ್ವ್ ತನ್ನ ಆಸನವನ್ನೇ ತಿಂದುಕೊಂಡು ಒಳಗೆ ಇಳಿಯುತ್ತದೆ. ಆತ ಅಥವಾ ಆಕೆ ಒಂದು ವರ್ಷ ಮುಂಚೆಯೇ ಅದಕ್ಕೆ ಸಿದ್ಧತೆ ಮಾಡಿದ್ದರಿಂದ ನಾನು ಆ ಚಿಂತೆಯಿಲ್ಲದೆ ಓಡಿಸುತ್ತಿದ್ದೇನೆ. 2021ರ ಸೆಪ್ಟೆಂಬರಿನಲ್ಲಿ ಇಲ್ಲಿನ ಸಾಮಾನ್ಯ ಪೆಟ್ರೋಲ್ ಇ10 ಆದಾಗ, ಅಂದರೆ ಶೇಕಡಾ 10ರವರೆಗೆ ಎಥನಾಲ್ ಬೆರೆತದ್ದಾದಾಗ, ನನ್ನ ಸರದಿ ಬಂತು. ಎಥನಾಲ್ ಹಳೆಯ ರಬ್ಬರನ್ನು ಮೆತ್ತಗೆ ಮಾಡಿ ಬಿರುಕು ಬಿಡಿಸುತ್ತದೆ. ಟ್ಯಾಂಕಿನಿಂದ ಎಂಜಿನ್ನಿನವರೆಗಿನ ರಬ್ಬರ್ ಹೋಸುಗಳನ್ನೆಲ್ಲ ಬದಲಾಯಿಸಿದೆ, ಮತ್ತು ದುಬಾರಿಯಾದರೂ ಎಥನಾಲ್ ಕಡಿಮೆಯಿರುವ ಇ5 ಹಾಕಿಸುತ್ತೇನೆ. ಮುಂದೆ ಈ ಕಾರು ಕೊಳ್ಳುವವರಿಗೆ ಇದು ಗೊತ್ತಾಗುವ ಸಂಭವವಿಲ್ಲ. ಅವರಿಗೆ ಕಾಣಿಸುವುದು ಆ ಮೂರಿಂಚು ಬೆಸುಗೆ.

ಒಬ್ಬರನ್ನು ಮಾತ್ರ ನಾನು ಹೆಚ್ಚುಕಡಿಮೆ ಭೇಟಿಯಾಗಿದ್ದೇನೆ. ಡ್ಯಾಶ್‌ಬೋರ್ಡಿನ ಹಿಂದೆ ವೈರುಗಳ ಪೊದೆಯೊಳಗೆ, ಒಂದು ನೇರಳೆ ವೈರಿಗೆ ದಾರ ಕಟ್ಟಿ ಕಂದು ರಟ್ಟಿನ ಚೀಟಿ ತೂಗುಹಾಕಿದ್ದರು. ಗುಂಡಗಿನ ಪೆನ್ಸಿಲ್ ಬರಹದಲ್ಲಿ ಎರಡೇ ಶಬ್ದ: 'ಹಾರ್ನ್ ಅಲ್ಲ'. ಹಾರ್ನ್ ಕೆಟ್ಟ ಯಾವುದೋ ದಿನ ಅವರು ಇದೇ ನೇರಳೆ ವೈರಿನ ಬೆನ್ನುಹತ್ತಿ, ಗಂಟೆಗಟ್ಟಲೆ ಬೆವರು ಸುರಿಸಿ, ಕೊನೆಗೆ ಅದು ಒಳಗಿನ ಪುಟ್ಟ ದೀಪಕ್ಕೆ ಹೋಗುವುದೆಂದು ಕಂಡುಕೊಂಡಿರಬೇಕು. ಮುಂದಿನವರಿಗಾದರೂ ಆ ಗೋಳು ಬೇಡ ಎಂದುಕೊಂಡರು. ನಾನೂ ಹಾರ್ನ್ ಕೆಟ್ಟ ದಿನವೇ ಅಲ್ಲಿ ತಲೆ ಹಾಕಿದ್ದೆ.

ಹೊಸ ಚಿಪ್ಪು

ಬೇಕೆಂದರೆ ಈ ಏಳೂ ಜನರನ್ನು ಒಂದೇ ಏಟಿಗೆ ಕಿತ್ತೆಸೆಯಬಹುದು. ಆಕ್ಸ್‌ಫರ್ಡ್‌ಶೈರಿನ ವಿಟ್ನಿಯಲ್ಲಿ ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆಯಿದೆ. ಅವರು ಹಳೆಯ ಅಚ್ಚುಗಳನ್ನು ಹುಡುಕಿ ತಂದು 1988ರಿಂದ ಎಂಜಿಬಿಯ ಹೊಚ್ಚಹೊಸ ಬಾಡಿ ತಯಾರಿಸುತ್ತಿದ್ದಾರೆ. ಕಾರು ತಯಾರಾಗುತ್ತಿದ್ದ ಆಬಿಂಗ್ಡನ್ ಕಾರ್ಖಾನೆ 1980ರ ಅಕ್ಟೋಬರಿನಲ್ಲೇ ಬಾಗಿಲು ಹಾಕಿತು, ಆದರೆ ಕಾರಿನ ಚಿಪ್ಪು ಇವತ್ತಿಗೂ ಹೊಸದಾಗಿ ಸಿಗುತ್ತದೆ. ಹತ್ತು ಸಾವಿರ ಪೌಂಡಿಗೂ ಮೇಲೆ ಕೊಟ್ಟರೆ ತುಕ್ಕಿನ ಒಂದು ಚುಕ್ಕೆಯೂ ಇಲ್ಲದ ದೇಹ, ಅದಕ್ಕೆ ಹಳೆಯ ಎಂಜಿನ್ನು, ಸೀಟು, ಮೀಟರುಗಳನ್ನು ವರ್ಗಾಯಿಸಿದರೆ ಆಯಿತು. ನಾನೂ ಒಮ್ಮೆ ಲೆಕ್ಕ ಹಾಕಿದ್ದುಂಟು. ತಪ್ಪೇನಿಲ್ಲ, ಅಸಲಿ ಆಬಿಂಗ್ಡನ್ನಿನಲ್ಲಿ ಕೂಡ ಬಾಡಿಯೂ ತಯಾರಾಗುತ್ತಿರಲಿಲ್ಲ, ಎಂಜಿನ್ನೂ ತಯಾರಾಗುತ್ತಿರಲಿಲ್ಲ. ಬೇರೆ ಊರುಗಳಿಂದ ಲಾರಿಯಲ್ಲಿ ಬಂದದ್ದನ್ನು ಅಲ್ಲಿ ಜೋಡಿಸುತ್ತಿದ್ದರು. 'ಮೂಲ ಕಾರು' ಎಂದು ಎದೆ ಬಡಿದುಕೊಳ್ಳುವವರು ಈ ಸಂಗತಿಯನ್ನು ಮರೆಯುತ್ತಾರೆ.

ಆದರೂ ಕೊಳ್ಳಲಿಲ್ಲ. ದುಡ್ಡು ಒಂದು ಕಾರಣ, ಸುಳ್ಳು ಹೇಳುವುದೇಕೆ. ಇನ್ನೊಂದು, ಬೇಸಿಗೆಯ ಪ್ರದರ್ಶನಗಳಲ್ಲಿ ಸಾಲಾಗಿ ನಿಂತ, ಟ್ರೈಲರಿನ ಮೇಲೆ ಬಂದು ಟ್ರೈಲರಿನ ಮೇಲೆಯೇ ಮರಳುವ ಕಾರುಗಳನ್ನು ನೋಡಿದಾಗ ನನಗಾಗುವ ಬೇಸರ. ಎಂಜಿನ್ ಕೆಳಗೆ ಕನ್ನಡಿ ಇಟ್ಟಿರುತ್ತಾರೆ, ಕೆಳಗೂ ಹೊಳೆಯುತ್ತದೆ ಎಂದು ತೋರಿಸಲು. ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿಕೊಂಡ ಮಾಲೀಕರು, ಯಾರಾದರೂ ಮುಟ್ಟಿಯಾರು ಎಂಬ ಆತಂಕದಲ್ಲಿ ಚಹಾ ಕೂಡ ನೆಮ್ಮದಿಯಾಗಿ ಕುಡಿಯುವುದಿಲ್ಲ. ಕಾರ್ಖಾನೆಯಲ್ಲಿ ಎಂದೂ ಇಲ್ಲದಿದ್ದ ಹೊಳಪು ಅದು. ಐದು ಲಕ್ಷಕ್ಕೂ ಮೇಲೆ ತಯಾರಾದ, ಗುಮಾಸ್ತರೂ ಮೇಷ್ಟರೂ ಕೊಳ್ಳಬಹುದಾಗಿದ್ದ ಕಾರಿಗೆ ಇಷ್ಟು ಮಡಿ ಯಾಕೆ ಎಂದು ನನಗೆ ಅರ್ಥವಾಗಿಲ್ಲ.

ಎಂಒಟಿ ವಿಚಾರದಲ್ಲೂ ನನ್ನದು ಸ್ವಲ್ಪ ಅಡ್ಡ ನಡಿಗೆ. 2018ರ ಮೇ 20ರಿಂದ ನಲವತ್ತು ವರ್ಷ ದಾಟಿದ, ಹೆಚ್ಚು ಬದಲಾವಣೆ ಮಾಡದ ಕಾರುಗಳಿಗೆ ಆ ಪರೀಕ್ಷೆ ಕಡ್ಡಾಯವಲ್ಲ. ರಸ್ತೆ ತೆರಿಗೆಯೂ ಇಲ್ಲ. ಆದರೂ ವರ್ಷಕ್ಕೊಮ್ಮೆ ಕೈಯಿಂದ ದುಡ್ಡು ಕೊಟ್ಟು ಪರೀಕ್ಷೆ ಮಾಡಿಸುತ್ತೇನೆ. ದಿನಾ ನೋಡುವ ಕಣ್ಣಿಗೆ ಎಷ್ಟೋ ಕಾಣುವುದಿಲ್ಲ. ಎರಡು ವರ್ಷದ ಹಿಂದೆ ಪರೀಕ್ಷೆ ಮಾಡುವ ಹುಡುಗ, ನನ್ನ ಮಗಳಿಗಿಂತ ಐದಾರು ವರ್ಷ ದೊಡ್ಡವನಿರಬೇಕು, ಮುಂದಿನ ಬ್ರೇಕ್ ಹೋಸನ್ನು ಬೆರಳಲ್ಲಿ ಬಗ್ಗಿಸಿ ಬಿರುಕು ತೋರಿಸಿದ. ಹಾಕಿದವನು ಯಾರು ಎಂದು ಅವನು ಕೇಳಲಿಲ್ಲ. ಹಾಕಿ ಒಂಬತ್ತು ವರ್ಷವಾಗಿತ್ತು.

ಮತ್ತೆ ಡಿಕ್ಕಿ

ಮಾರನೆಯ ದಿನ ಸರಿಯಾದ ಸಾಮಾನು ಹಿಡಿದು ಡಿಕ್ಕಿ ತೆರೆದೆ. ಬುಲೆಟ್ ಕನೆಕ್ಟರು, ಅದನ್ನು ಒತ್ತುವ ಇಕ್ಕಳ, ಕೆಂಪು ವೈರಿನ ಸುರುಳಿ. ಮಗಳೂ ಬಂದು ಟಾರ್ಚ್ ಹಿಡಿದಳು. ತನ್ನ ಹೆಸರಿನ ಪಟ್ಟಿಯನ್ನು ನೋಡಿ "ಅಪ್ಪಾ, ಇದಕ್ಕೆ ನನ್ನ ಹೆಸರು ಹಾಕಿ ಜವಾಬ್ದಾರಿ ನನ್ನ ಮೇಲೆ ಹೊರಿಸಿದ್ದೀಯಾ" ಎಂದಳು. ಹಸಿರುಗಟ್ಟಿದ ತುದಿಗಳನ್ನು ಎರಡೂ ಕಡೆ ಕತ್ತರಿಸಿ, ಹೊಳೆಯುವ ತಾಮ್ರ ಸಿಗುವವರೆಗೆ ಹಿಂದೆ ಸರಿದೆ. ಕೆಂಪು ವೈರ್ ಅಳೆದರೆ ಮೂರು ಬೆರಳು ಗಿಡ್ಡ. ಸುರುಳಿಯಲ್ಲಿ ಉಳಿದಿದ್ದೇ ಅಷ್ಟು. ಅಂಗಡಿಗೆ ಬರೆದರೆ ಗುರುವಾರ ಬರುತ್ತದೆ, ಅವತ್ತು ಶನಿವಾರ.

ಹಳದಿ ವೈರನ್ನು ಕೈಯಲ್ಲಿ ಹಿಡಿದು ನೋಡಿದೆ. ಬಗ್ಗಿಸಿದೆ, ಮೀಟರ್ ಹಚ್ಚಿದೆ. ದಪ್ಪ ಸಾಕಷ್ಟಿತ್ತು, ಮೈಗೆ ಏನೂ ಆಗಿರಲಿಲ್ಲ. ಕೆಟ್ಟಿದ್ದು ನಾನು ಹೊಸೆದಿದ್ದ ತುದಿಗಳು ಮಾತ್ರ. ಆ ಕೆಂಪು ತುಂಡನ್ನು ಹಳದಿಗೆ ಜೋಡಿಸಿ ಉದ್ದ ಹೊಂದಿಸಿದೆ. ಒಂದೊಂದು ಸೇರುವೆಗೂ ಬುಲೆಟ್ ಒತ್ತಿ, ಎಳೆದು ನೋಡಿ, ರಬ್ಬರ್ ತೋಳು ಏರಿಸಿದೆ. ಮಗಳು ಮುಂದೆ ಹೋಗಿ ಸ್ವಿಚ್ ಹಾಕಿದಳು. ಗ್ಯಾರೇಜಿನ ಗೋಡೆ ಕೆಂಪಾಯಿತು.

ಆಮೇಲೆ ಕೆಲಸದ ಮೇಜಿನ ಖಾನೆಯಿಂದ ಒಂದು ರಟ್ಟಿನ ತುಂಡು ಕತ್ತರಿಸಿ, ತೂತು ಮಾಡಿ, ಪೆನ್ಸಿಲಿನಲ್ಲಿ 'ಹಳದಿ ಕಂಡರೂ ಇದು ಕೆಂಪು' ಎಂದು ಬರೆದು ವೈರಿಗೆ ಕಟ್ಟಿದೆ. ಮಗಳು ಟಾರ್ಚ್ ಹತ್ತಿರ ತಂದು ಓದಿದಳು.

"ಕನ್ನಡದಲ್ಲಿ ಬರೆದಿದ್ದೀಯಲ್ಲಪ್ಪಾ. ಮುಂದೆ ಇದನ್ನ ಓದೋರು ಯಾರು?"

ಬಿಚ್ಚಲು ನೋಡಿದೆ, ಗಂಟು ಬಿಗಿಯಾಗಿತ್ತು. ಅವಳೇ ಪೆನ್ಸಿಲ್ ತೆಗೆದುಕೊಂಡು, ಒಂದು ಮಂಡಿಯನ್ನು ಬಂಪರಿಗೆ ಕೊಟ್ಟು ಬಗ್ಗಿ, ಚೀಟಿಯ ಹಿಂಬದಿಯಲ್ಲಿ ಇಂಗ್ಲಿಷಿನಲ್ಲಿ ಬರೆದಳು. ಕೆಳಗೆ ಇಸವಿಯನ್ನೂ ಹಾಕಿದಳು.